ಅಕ್ಕಿಹಿಟ್ಟಿನ ಬಿಳಿ ಕಾಗದದ ಮೇಲೆ ನಿಲ್ಲುತ್ತಿಲ್ಲ, ಏನು ಮಾಡಲಿ?

ಸಾಗರದ ಟೀಚರ್:
ಎಲ್ಲರಿಗೂ ನಮಸ್ಕಾರ. 31 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ಹೋದ ವರ್ಷ ರಿಟೈರ್ ಆದೆ. ಈಗ ಬೆಳಗ್ಗೆ ಹಸೆ ಚಿತ್ತಾರ, ಅಂದರೆ ಮದುವೆಗೆ ಗೋಡೆ ಮೇಲೆ ಬರೆಯುವ ನಮ್ಮ ಕಡೆಯ ಚಿತ್ರ, ಬರೆಯುತ್ತೇನೆ, ಊಟ ಆದ ಮೇಲೆ ಅದರ ಬಗ್ಗೆ ಬರೆಯುತ್ತೇನೆ. ಎರಡಕ್ಕೂ ನಮ್ಮಲ್ಲಿ ಬರೆಯೋದು ಅಂತಲೇ ಹೇಳುತ್ತಾರೆ.

ನಾವು ಮಲೆನಾಡಿನ ದೀವರ ಸಮುದಾಯದವರು. ಮದುವೆ ಮನೆ ಗೋಡೆಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚದಲ್ಲಿ ಅಮ್ಮ ಎಳೆ (ಚಿತ್ತಾರದ ಗೆರೆ) ಎಳೆಯುತ್ತಿದ್ದರು. ಪಕ್ಕದಲ್ಲಿ ಕೂತು ನೆನೆಸಿದ ಅಕ್ಕಿ ಅರೆದು ಕೊಡುವುದು ನನ್ನ ಕೆಲಸ. ಕಪ್ಪಿಗೆ ಕರಿಯಾಗುವ ತನಕ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ.

ಆ ಮಣ್ಣಿನ ಗೋಡೆ ಈಗ ಇಲ್ಲ. ಅದಕ್ಕೇ ಕಾಗದಕ್ಕೆ ಬಂದೆ. ಆದರೆ ಸುರುಳಿ ಸುತ್ತಿಟ್ಟರೆ ಬಿಳಿ ಎಳೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಅಂಗಡಿಯ ಬಿಳಿ ಬಣ್ಣ ಹಾಕಿ ನೋಡಿದೆ. ತುಂಬಾ ಹೊಳೆಯುತ್ತದೆ, ಅಮ್ಮನ ಬಿಳಿ ಬರಲಿಲ್ಲ.

ಇನ್ನೊಂದು. ಎಳೆಗಳ ಹೆಸರು, ಹಾಡು ಎಲ್ಲ ಅಮ್ಮ ಹೇಳಿದ ಹಾಗೇ ಬರೆದಿಟ್ಟಿದ್ದೇನೆ. ಅದನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಕಾ? ಇಷ್ಟು ವರ್ಷ ಮಕ್ಕಳ ಭಾಷೆ ತಿದ್ದಿದವಳು ನಾನು. ಇದನ್ನು ಮುಟ್ಟಲು ಮನಸ್ಸು ಬರುತ್ತಿಲ್ಲ.

ಡ್ರಾಯಿಂಗ್ ಮೇಷ್ಟ್ರು, ಧಾರವಾಡ:
ಟೀಚರ್, ಮಣ್ಣಿನ ಗೋಡೆ ಹಿಟ್ಟನ್ನು ಹೀರಿಕೊಳ್ಳುತ್ತದೆ, ನುಣುಪು ಕಾಗದ ಹೀರುವುದಿಲ್ಲ. ಸುತ್ತಿದಾಗ ಕಾಗದ ಬಾಗುತ್ತದೆ, ಒಣಗಿದ ಹಿಟ್ಟು ಬಾಗದೆ ಒಡೆಯುತ್ತದೆ. ಜಾಲಿ ಅಂಟನ್ನು ರಾತ್ರಿ ನೆನೆಸಿ, ಆ ನೀರನ್ನು ಹಿಟ್ಟಿಗೆ ಸ್ವಲ್ಪ ಸೇರಿಸಿ. ಜಲವರ್ಣಕ್ಕೆ ಹಾಕುವುದೂ ಆ ಜಾತಿಯ ಅಂಟೇ. ದಪ್ಪಗೆ ಒಂದು ಸಲ ಎಳೆಯುವ ಬದಲು ತೆಳ್ಳಗೆ ಎರಡು ಸಲ ಎಳೆಯಿರಿ. ಕೈಯಲ್ಲಿ ಮಾಡಿದ ಒರಟು ಕಾಗದ ತಗೊಳ್ಳಿ, ಸುತ್ತದೆ ಹಾಸಿಡಿ. ಅಂಟು ಜಾಸ್ತಿಯಾದರೆ ಅದೂ ಹೊಳೆಯುತ್ತದೆ, ಮೊದಲು ತುಂಡು ಕಾಗದದಲ್ಲಿ ನೋಡಿ.

ಸೊರಬದ ಹುಡುಗಿ:
ದಯವಿಟ್ಟು ತಿದ್ದಬೇಡಿ ಅಕ್ಕಾ. ನಮ್ಮಜ್ಜಿ ಭೂಮಿ ಹುಣ್ಣಿಮೆಗೆ ಬುಟ್ಟಿ ಮೇಲೆ ಚಿತ್ತಾರ ಬರೆಯುತ್ತಿದ್ದರು. ಅಜ್ಜಿ ಹೋದರು, ಬುಟ್ಟಿ ಅಟ್ಟದ ಮೇಲಿದೆ. ಅದರಲ್ಲಿರುವ ಒಂದು ಎಳೆಯ ಹೆಸರೂ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೊರಗಿನವರಿಗೆ ತಿಳಿಯದ ಮಾತಿಗೆ ಪಕ್ಕದಲ್ಲಿ ಅರ್ಥ ಕೊಟ್ಟರೆ ಸಾಕು ಅಲ್ವಾ? ಅಂದ ಹಾಗೆ, ಮಳೆಗಾಲದಲ್ಲಿ ಹಿಟ್ಟಿಗೆ ಹುಳ ಬರುತ್ತದೆ. ಕಾಗದಗಳ ನಡುವೆ ಒಣಗಿದ ಬೇವಿನ ಸೊಪ್ಪು ಇಡಿ.

ಸಾಗರದ ಟೀಚರ್:
ಮೇಷ್ಟ್ರೇ, ಗ್ರಂಥಿಗೆ ಅಂಗಡಿಯಲ್ಲಿ ಜಾಲಿ ಅಂಟು ಸಿಕ್ಕಿತು. ನಿನ್ನೆ ನಾಲ್ಕು ಎಳೆ ಎಳೆದು, ಒಣಗಿಸಿ, ಬಾಗಿಸಿ ನೋಡಿದೆ. ಉದುರಲಿಲ್ಲ. ಹೊಳಪೂ ಇಲ್ಲ! ತುಂಬಾ ಉಪಕಾರ ಆಯಿತು.

ಸೊರಬದ ತಂಗಿ, ಬುಟ್ಟಿಯ ಫೋಟೊ ಹಾಕಮ್ಮಾ, ನಾಲ್ಕೂ ಕಡೆಯಿಂದ. ಅಮ್ಮನಿಗೆ ಕಣ್ಣು ಮಂಜಾಗಿದೆ. ನಾನು ದೊಡ್ಡದಾಗಿ ಬರೆದು ತೋರಿಸಿ ಹೆಸರು ಕೇಳುತ್ತೇನೆ.