ಡಾಕ್ಟರು ನನ್ನನ್ನು ಬಿಟ್ಟು ತಮ್ಮನನ್ನು ಕೇಳುತ್ತಾರೆ. ನನ್ನ ಮಾತು ನಾನೇ ಆಡುವುದು ಹೇಗೆ?

ಹೊಸಹೆಜ್ಜೆ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ. ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನುವ, ದೃಷ್ಟಿ ನಿಧಾನವಾಗಿ ಹೋಗುವ ಕಣ್ಣಿನ ಕಾಯಿಲೆ ಇದೆ. ಮೊದಲು ರಾತ್ರಿ ಹೊತ್ತು ಕಾಣದಂತಾಯಿತು. ಆಮೇಲೆ ಅಕ್ಕಪಕ್ಕದ್ದು ಹೋಯಿತು. ಈಗ ಎರಡು ವರ್ಷದಿಂದ ಬೆಳಕು ಇದೆಯೋ ಇಲ್ಲವೋ, ಅಷ್ಟೇ ಗೊತ್ತಾಗುತ್ತದೆ.

ಹೋದ ವಾರ ತಮ್ಮನ ಜೊತೆ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ತಮ್ಮನನ್ನು ಕೇಳಿದರು, “ಇವರಿಗೆ ರಾತ್ರಿ ನಿದ್ದೆ ಬರುತ್ತಾ?” ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ತಮ್ಮ “ಚೆನ್ನಾಗಿ ಬರುತ್ತೆ” ಅಂದ. ಮೂರು ತಿಂಗಳಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ಅದು ಅವನಿಗೆ ಗೊತ್ತಿಲ್ಲ, ನಾನೂ ಹೇಳಿರಲಿಲ್ಲ. ಅಲ್ಲಿ ಹೇಳೋಣ ಅಂತ ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಚೀಟಿ ತಮ್ಮನ ಕೈಗೆ ಹೋಯಿತು.

ಅವತ್ತಿನಿಂದ ಅದೇ ಕೊರೆಯುತ್ತಿದೆ. ತಮ್ಮನ ಮೇಲೆ ಸಿಟ್ಟಿಲ್ಲ, ನನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಾನೆ. ಆದರೆ ಹೋದಲ್ಲೆಲ್ಲ ಹೀಗೇ ಆಗುತ್ತಿದೆ. ನನಗೇನು ಬೇಕು ಅಂತ ಜೊತೆಯಲ್ಲಿ ಬಂದವರನ್ನು ಕೇಳುತ್ತಾರೆ. ಬಿಳಿ ಕೋಲು ತಂದು ನಾಲ್ಕು ತಿಂಗಳಾಯಿತು, ಇನ್ನೂ ಮಡಚಿ ಬ್ಯಾಗಿನಲ್ಲೇ ಇದೆ. ಹೊರಗೆ ತೆಗೆದರೆ ಎಲ್ಲರಿಗೂ ಗೊತ್ತಾಗಿಬಿಡುತ್ತದಲ್ಲ ಅನ್ನುವ ಅಳುಕು.

ನಿಮ್ಮಲ್ಲಿ ತುಂಬಾ ಜನ ನಿಮ್ಮ ಹಕ್ಕಿಗಾಗಿ ನೀವೇ ಮಾತಾಡುತ್ತೀರಿ. ಆ ಧೈರ್ಯ ಮೊದಲೇ ಇತ್ತಾ? ಎಲ್ಲಿಂದ ಶುರು ಮಾಡಿದಿರಿ?

ಆರನೇಮಹಡಿ ಬರೆದದ್ದು

ಧೈರ್ಯ ಮೊದಲೇ ಇರಲಿಲ್ಲ. ನನಗೆ ಈಗ 44. ಒಂಬತ್ತನೇ ವಯಸ್ಸಿನಿಂದ ಕಣ್ಣು ಕಾಣುವುದಿಲ್ಲ. ಆದರೂ ನನಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳಲು ಶುರು ಮಾಡಿದ್ದು ಮೂವತ್ತು ದಾಟಿದ ಮೇಲೆ. ಅದೂ ಒಂದು ಲಿಫ್ಟಿನ ದೆಸೆಯಿಂದ.

ನಾನು ಕೆಲಸ ಮಾಡುವ ಕಚೇರಿ ಹೊಸ ಕಟ್ಟಡಕ್ಕೆ ಹೋಯಿತು. ಆರು ಮಹಡಿ. ಲಿಫ್ಟಿನಲ್ಲಿ ಗುಂಡಿಗಳೇ ಇಲ್ಲ, ಕನ್ನಡಿಯಂಥ ನುಣುಪು ಗಾಜು. ನಮಗೆ ಬೆರಳೇ ಕಣ್ಣು, ಅಲ್ವಾ? ಅಲ್ಲಿ ಬೆರಳಿಟ್ಟು ಹುಡುಕಲು ಹೋದರೆ ಮುಟ್ಟಿದ್ದೆಲ್ಲ ಒತ್ತಿದಂತೆ. 2, 3, 4 ಎಲ್ಲ ಒಟ್ಟಿಗೆ ಹತ್ತಿಕೊಳ್ಳುತ್ತಿತ್ತು. ಯಾವ ಮಹಡಿ ಬಂತು ಅಂತ ಹೇಳುವ ದನಿಯೂ ಇಲ್ಲ. ದಿನಾ ಯಾರನ್ನಾದರೂ ಕೇಳಿ ಹೋಗುತ್ತಿದ್ದೆ. ಒಂದು ಸಂಜೆ ಯಾರೂ ಇರಲಿಲ್ಲ. ಬೇರೆ ಮಹಡಿಯಲ್ಲಿ ಇಳಿದೆ, ಎಲ್ಲ ಬಾಗಿಲಿಗೂ ಬೀಗ. ಇಪ್ಪತ್ತು ನಿಮಿಷ ಗೋಡೆ ಸವರಿಕೊಂಡು ಓಡಾಡಿದೆ.

ಆ ರಾತ್ರಿ ಎರಡು ಪುಟದ ಪತ್ರ ಬರೆದೆ. ತುಂಬಾ ಸಿಟ್ಟಿನ ಪತ್ರ. ಉತ್ತರ ಬರಲಿಲ್ಲ. ತಿಂಗಳಾದ ಮೇಲೆ ಇನ್ನೊಂದು ಬರೆದೆ, ಆರೇ ಸಾಲು. ಏನು ತೊಂದರೆ, ಏನು ಬೇಕು, ಯಾವ ತಾರೀಕಿನೊಳಗೆ ಉತ್ತರ ಬೇಕು. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದದ ಮಾತನ್ನೂ ಸೇರಿಸಿದೆ. ಅದು 2006ರ ಡಿಸೆಂಬರ್ 13ರಂದು ಅಂಗೀಕಾರವಾಗಿ 2008ರ ಮೇ 3ರಿಂದ ಜಾರಿಯಲ್ಲಿದೆ. ಜನ ಬಂದುಹೋಗುವ ಕಟ್ಟಡಗಳಲ್ಲಿ ಬ್ರೈಲ್ ಫಲಕ ಇರಬೇಕು ಅಂತ ಅದರ 9ನೇ ವಿಧಿಯಲ್ಲೇ ಇದೆ. ನಾನು ಕೇಳುತ್ತಿರುವುದು ದಯೆ ಅಲ್ಲ ಅಂತ ಮೊದಲು ನನಗೇ ಗಟ್ಟಿಯಾದದ್ದು ಆ ಸಾಲು ಟೈಪ್ ಮಾಡುವಾಗ. ಆಮೇಲೆ ಕಟ್ಟಡ ನೋಡಿಕೊಳ್ಳುವವರನ್ನು ಲಿಫ್ಟಿಗೆ ಕರೆದುಕೊಂಡು ಹೋಗಿ, ಅವರೆದುರೇ ಗಾಜಿನ ಮೇಲೆ ಬೆರಳಾಡಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ನಮಗೆ ಹೊಳೆದೇ ಇರಲಿಲ್ಲ” ಅಂದರು.

ಮೂರು ತಿಂಗಳಿಗೆ ಗಾಜಿನ ಪಕ್ಕ ಬ್ರೈಲ್ ಸ್ಟಿಕ್ಕರ್ ಬಂತು. ಖುಷಿಯಿಂದ ಮುಟ್ಟಿ ನೋಡಿದರೆ ನಾಲ್ಕನೇ ಮಹಡಿಯದು ತಲೆಕೆಳಗು. ಬ್ರೈಲ್‌ನಲ್ಲಿ 4 ಅನ್ನು ತಲೆಕೆಳಗು ಮಾಡಿದರೆ 8ರ ಆಕಾರ ಸಿಗುತ್ತದೆ. ಆರು ಮಹಡಿಯ ಕಟ್ಟಡದಲ್ಲಿ ಎಂಟು! ಅಂಟಿಸಿದವರ ತಪ್ಪಲ್ಲ, ಅವರಿಗೆ ಅವು ಬರೀ ಚುಕ್ಕಿ. ಓದಬಲ್ಲ ಒಬ್ಬರನ್ನು ಕರೆದು ತೋರಿಸಿದ್ದರೆ ಎರಡೇ ನಿಮಿಷದ ಕೆಲಸ. ಈಗ ಅಲ್ಲಿ ಏನೇ ಹೊಸದು ಹಾಕಿದರೂ ಮೊದಲು ನನ್ನನ್ನು ಕರೆಯುತ್ತಾರೆ. ಮಹಡಿ ಹೇಳುವ ದನಿ ಮಾತ್ರ ಇನ್ನೂ ಬಂದಿಲ್ಲ, ಕೇಳುತ್ತಲೇ ಇದ್ದೇನೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಮುಂದಿನ ಸಲ ಹೋಗುವ ಮುಂಚೆ ಮನೆಯಲ್ಲೇ ತಮ್ಮನ ಜೊತೆ ಮಾತಾಡಿಕೊಳ್ಳಿ. ಡಾಕ್ಟರು ಅವನನ್ನು ಕೇಳಿದರೆ ಅವನು “ಅಕ್ಕನನ್ನೇ ಕೇಳಿ” ಅನ್ನಬೇಕು, ಇಲ್ಲವೇ ಸುಮ್ಮನಿರಬೇಕು. ನೀವು ಹೇಳಬೇಕಾದ ಮೊದಲ ವಾಕ್ಯವನ್ನು ಜೋರಾಗಿ ಹತ್ತು ಸಲ ಹೇಳಿ ನೋಡಿ. ಎರಡನೆಯದು ತಾನಾಗಿ ಬರುತ್ತದೆ. ದನಿ ಬಂದ ಕಡೆಗೆ ಮುಖ ತಿರುಗಿಸಿ ಮಾತಾಡಿ, ಅದರಿಂದ ತುಂಬಾ ವ್ಯತ್ಯಾಸ ಆಗುತ್ತದೆ.

ಪತ್ರ ಬರೆಯುವ ಕಾಲ ಬಂದರೆ ನೀವೇ ಬರೆಯಿರಿ. ಬೇರೆಯವರು ಬರೆದುಕೊಟ್ಟರೆ ಅದು ಅವರ ಮಾತಾಗಿಬಿಡುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ, ಉಚಿತವಾಗಿ ಸಿಗುತ್ತದೆ. 2006ರಲ್ಲಿ ಅದನ್ನು ಶುರು ಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರಿಗೂ ಕಣ್ಣು ಕಾಣುವುದಿಲ್ಲ. ಅದರಲ್ಲೇ ಈ ಉತ್ತರ ಬರೆಯುತ್ತಿದ್ದೇನೆ.

ಒಬ್ಬ ತಾಯಿ ಬರೆದದ್ದು

ನಿಮ್ಮ ತಮ್ಮನ ಜಾಗದಲ್ಲಿ ನಾನಿದ್ದೆ. ನನ್ನ ಮಗನಿಗೆ ಹುಟ್ಟಿನಿಂದಲೂ ಕಾಣುವುದಿಲ್ಲ. ಹದಿನಾರು ವರ್ಷ ಅವನ ಪರವಾಗಿ ನಾನೇ ಮಾತಾಡಿದೆ. ಒಂದು ದಿನ ಬಟ್ಟೆ ಅಂಗಡಿಯಲ್ಲಿ, “ಅಮ್ಮಾ, ಬಣ್ಣ ನಾನು ಕೇಳ್ತೀನಿ” ಅಂದ. ಅಷ್ಟೇ ಅಂದದ್ದು. ನನಗೆ ಗಂಟಲು ಕಟ್ಟಿತು. ನಿದ್ದೆಯ ವಿಷಯ ತಮ್ಮನಿಗೆ ಹೇಳಮ್ಮ. ಅವನು ಬೇಜಾರು ಮಾಡಿಕೊಳ್ಳಬಹುದು, ಪರವಾಗಿಲ್ಲ. ನಮ್ಮಂಥವರಿಗೆ ಯಾರಾದರೂ ಹೇಳಿದರೇನೇ ಗೊತ್ತಾಗುವುದು.

ಎಡಬಲ ಬರೆದದ್ದು

ಕೋಲಿನ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಪ್ರಕಾರ ನೀವು ಅಲ್ಲಿಂದಲೇ ಶುರು ಮಾಡಬೇಕು.

ಎಲ್ಲರಿಗೂ ಗೊತ್ತಾಗುತ್ತದೆ ಅಂತ ಅಳುಕು ಅಂದಿರಿ. ಕೋಲು ಬಿಳಿಯಾದದ್ದೇ ಗೊತ್ತಾಗಲಿ ಅಂತ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜೇಮ್ಸ್ ಬಿಗ್ಸ್ ಅನ್ನುವ ಫೋಟೋಗ್ರಾಫರ್ ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡರು. ಮನೆಯ ಸುತ್ತ ಗಾಡಿಗಳ ಓಡಾಟ ಜಾಸ್ತಿ. ಓಡಿಸುವವರಿಗೆ ತಾನು ಕಾಣಲಿ ಅಂತ 1921ರಲ್ಲಿ ಕೈಕೋಲಿಗೆ ಬಿಳಿ ಬಣ್ಣ ಬಳಿದುಕೊಂಡರು. ನೀವು ಬಾಯಿ ತೆರೆಯುವ ಮೊದಲೇ ಅರ್ಧ ಮಾತನ್ನು ಕೋಲು ಆಡಿರುತ್ತದೆ.

ಹಿಡಿಯುವುದನ್ನು ತರಬೇತಿ ಕೊಡುವವರ ಹತ್ತಿರವೇ ಕಲಿಯಿರಿ. ಬಲಗಾಲು ಮುಂದಿಡುವಾಗ ಕೋಲಿನ ತುದಿ ಎಡಕ್ಕೆ, ಎಡಗಾಲು ಇಡುವಾಗ ಬಲಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ನೋಡಿರುತ್ತದೆ. ಮೊದಲ ವಾರ ಕಾಲು ಕೋಲು ಎರಡೂ ಒಂದೇ ಕಡೆ ಹೋಗುತ್ತವೆ, ಹೆದರಬೇಡಿ.

ರಸ್ತೆಯಲ್ಲಿ ಜನ ತೋಳು ಹಿಡಿದು ಎಳೆಯುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಎಳೆಯುತ್ತಾರೆ, ಆದರೆ ನಮಗೆ ಆಯ ತಪ್ಪುತ್ತದೆ. ಆಗ ನಾನು ಹೇಳುವ ಮಾತು ಒಂದೇ. “ನನ್ನನ್ನು ಹಿಡಿಯಬೇಡಿ, ನಿಮ್ಮ ಮೊಣಕೈ ಕೊಡಿ, ನಾನು ಹಿಡಿದುಕೊಳ್ಳುತ್ತೇನೆ.” ಮೊಣಕೈಯ ಸ್ವಲ್ಪ ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆದರೆ, ಅವರು ಮೆಟ್ಟಿಲು ಹತ್ತುವುದು, ತಿರುಗುವುದು ಎಲ್ಲ ನಮ್ಮ ಕೈಗೆ ತಿಳಿಯುತ್ತದೆ. ನಾನು ಹೀಗೆ ಹೇಳಿದ ಮೇಲೆ ಬೇಜಾರು ಮಾಡಿಕೊಂಡವರು ತುಂಬಾ ಕಮ್ಮಿ.

ಆರನೇಮಹಡಿಯವರ ಒಂದು ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಎಲ್ಲ ಪತ್ರವನ್ನೂ ಒಬ್ಬರೇ ಬರೆಯಬೇಕಿಲ್ಲ. ನಾವು ಐದು ಜನ ಸೇರಿ ಕೇಳಿದಾಗ ಆದ ಕೆಲಸ, ನಾನೊಬ್ಬಳೇ ಎರಡು ವರ್ಷ ಕೇಳಿದಾಗ ಆಗಿರಲಿಲ್ಲ. ಸುಸ್ತಾದ ದಿನ ಯಾರಾದರೂ ನಿಮ್ಮ ಪರವಾಗಿ ಮಾತಾಡಿದರೆ ಆಡಲಿ ಬಿಡಿ. ಎಲ್ಲಿ ಬೇಕು, ಎಲ್ಲಿ ಬೇಡ ಅನ್ನುವುದು ನಿಮ್ಮ ತೀರ್ಮಾನ ಆಗಿದ್ದರೆ ಸಾಕು.

ಹೊಸಹೆಜ್ಜೆ ಮತ್ತೆ ಬರೆದದ್ದು

ಇವತ್ತು ಮತ್ತೆ ಡಾಕ್ಟರ ಹತ್ತಿರ ಹೋಗಿ ಬಂದೆ. ತಮ್ಮನಿಗೆ ನಿನ್ನೆ ರಾತ್ರಿಯೇ ಎಲ್ಲ ಹೇಳಿದ್ದೆ. ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ “ಸರಿ ಅಕ್ಕ” ಅಂದ.

ಡಾಕ್ಟರು ಈ ಸಲವೂ ಅವನನ್ನೇ ಕೇಳಿದರು, “ಮಾತ್ರೆ ಸರಿಯಾಗಿ ತಗೊಳ್ತಿದಾರಾ?” ತಮ್ಮ ಸುಮ್ಮನಿದ್ದ. ಫ್ಯಾನಿನ ಸದ್ದೊಂದೇ ಕೇಳುತ್ತಿತ್ತು. ನಾನು ಕಲಿತುಕೊಂಡು ಹೋದದ್ದನ್ನು ಹೇಳಿದೆ, “ನನ್ನ ವಿಷಯ ನನ್ನನ್ನೇ ಕೇಳಿ ಡಾಕ್ಟರೇ, ನಾನೇ ಹೇಳ್ತೀನಿ.” ದನಿ ನಡುಗಿತು. ಆಗ ಅವರ ಕುರ್ಚಿಯ ಗಾಲಿ ಉರುಳಿದ ಸದ್ದು ಕೇಳಿತು, ನನ್ನ ಕಡೆಗೆ. ಅಲ್ಲಿಂದ ಮುಂದೆ ಅವರ ದನಿ ನೇರ ನನ್ನ ಮುಖಕ್ಕೇ ಬರುತ್ತಿತ್ತು. ನಿದ್ದೆಯ ವಿಷಯ ಎಲ್ಲ ಹೇಳಿದೆ. ಮಾತ್ರೆಯ ಪಟ್ಟಿಗಳೆಲ್ಲ ಕೈಗೆ ಒಂದೇ ಥರ ಸಿಗುತ್ತವೆ ಅಂದೆ. ಬೆಳಗಿನದಕ್ಕೆ ಒಂದು ರಬ್ಬರ್ ಬ್ಯಾಂಡ್, ರಾತ್ರಿಯದಕ್ಕೆ ಎರಡು ಅಂತ ಅಲ್ಲೇ ಕೂತು ಹಾಕಿಸಿಕೊಂಡೆ. ಚೀಟಿ ನನ್ನ ಕೈಗೇ ಕೊಟ್ಟರು.

ಬಂದ ಮೇಲೆ ಕೋಲು ಹೊರಗೆ ತೆಗೆದೆ. ಟಕ್ ಟಕ್ ಟಕ್ ಅಂತ ತಾನೇ ನೆಟ್ಟಗಾಯಿತು. ಗೇಟಿನವರೆಗೆ ಹೋಗಿ ಬಂದೆ, ಎರಡು ಸಲ. ಎಡಬಲ ಅವರೇ, ನೀವು ಹೇಳಿದಂತೆ ಕಾಲು ಕೋಲು ಒಂದೇ ಕಡೆ ಹೋಗುತ್ತಿವೆ. ಸೋಮವಾರದಿಂದ ತರಬೇತಿಗೆ ಹೆಸರು ಕೊಟ್ಟಿದ್ದೇನೆ, ಫೋನ್ ನಾನೇ ಮಾಡಿದೆ. ಒಂದು ಕೇಳಬೇಕಿತ್ತು. ಎರಡನೇ ಸಲ ಹೋದಾಗ ಮಳೆ ಶುರುವಾಯಿತು. ಕೋಲಿನ ಸದ್ದು, ಸುತ್ತಲಿನ ಸದ್ದು ಎಲ್ಲ ಮಳೆಯಲ್ಲಿ ಕಲೆತುಹೋಯಿತು. ಮಳೆಯಲ್ಲಿ ನೀವೆಲ್ಲ ಹೇಗೆ ನಡೆಯುತ್ತೀರಿ?