ಸರಸೋಟ ಬ್ಯಾಲೆ ನ್ಯೂಯಾರ್ಕಿಗೆ ಬಂದರೆ ಎಲ್ಲಿ ಕೂರಬೇಕು?

ಜೆರ್ಸಿ ಗೆಜ್ಜೆ:
ನಮಸ್ಕಾರ. ಹನ್ನೆರಡು ವರ್ಷ ಭರತನಾಟ್ಯ ಕಲಿತಿದ್ದೇನೆ, ಬ್ಯಾಲೆ ಮಾತ್ರ ಎದುರಿಗೆ ಕೂತು ನೋಡಿಲ್ಲ. ಫ್ಲೋರಿಡಾದ ಸರಸೋಟ ಬ್ಯಾಲೆ ತಂಡ ಮತ್ತೆ ನ್ಯೂಯಾರ್ಕಿನ ಜಾಯ್ಸ್ ಥಿಯೇಟರಿಗೆ ಬಂದರೆ ಹೋಗಲೇಬೇಕು ಅಂತ ಆಸೆ. ಎಲ್ಲಿ ಕೂತರೆ ಪಾದ ಚೆನ್ನಾಗಿ ಕಾಣುತ್ತದೆ? ಸಣ್ಣ ಊರಿನ ತಂಡಕ್ಕಿಂತ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳಿರುವ ಲಿಂಕನ್ ಸೆಂಟರಿಗೇ ಹೋಗು ಅಂತಾರೆ ಗೆಳತಿಯರು. ಏನಂತೀರಿ?

ಸಂಜೆ ಆಟ:
ಖಂಡಿತ ಹೋಗಿ. 2018ರ ಆಗಸ್ಟಿನಲ್ಲಿ ಅವರನ್ನು ಅಲ್ಲೇ ನೋಡಿದೆ. ಬ್ರಿಟಿಷ್ ನೃತ್ಯ ಸಂಯೋಜಕ ಫ್ರೆಡರಿಕ್ ಆಷ್ಟನ್ ಸಂಯೋಜಿಸಿದ ಬ್ಯಾಲೆಗಳೇ ಈ ತಂಡದ ಜೀವಾಳ. ಇಯಾನ್ ವೆಬ್ 2007ರಲ್ಲಿ ನಿರ್ದೇಶಕರಾಗಿ ಬಂದ ಮೇಲೆ ಅವನ್ನು ಒಂದೊಂದಾಗಿ ವೇದಿಕೆಗೆ ತಂದರು. ಅವತ್ತು ಆಷ್ಟನ್ನರ ‘ಮೊನೊಟೋನ್ಸ್’ ಇತ್ತು. ಎರಿಕ್ ಸಾಟಿಯ ನಿಧಾನ ಸಂಗೀತ, ವೇದಿಕೆ ಮೇಲೆ ಒಮ್ಮೆಗೆ ಮೂವರೇ. ಒಂದು ಕಾಲು ಮೇಲೇಳುವಷ್ಟು ಹೊತ್ತು ನಾನು ಉಸಿರು ಬಿಡಲಿಲ್ಲ. ವಿಳಂಬದಲ್ಲಿ ಅಡವು ಹಾಕಿದವರಿಗೆ ಆ ಕಷ್ಟ ಗೊತ್ತು, ಅಲ್ವಾ? ಲಿಂಕನ್ ಸೆಂಟರಿನ ಮೇಲಿನ ಬಾಲ್ಕನಿಯಿಂದ ಇದು ಹೀಗೆ ಸಿಗುವುದಿಲ್ಲ.

ಎಂಟನೇ ಬೀದಿ:
ಜಾಯ್ಸ್ ಮೊದಲು ಎಲ್ಗಿನ್ ಅನ್ನೋ ಸಿನಿಮಾ ಟಾಕೀಸು. 1982ರಲ್ಲಿ ನೃತ್ಯಕ್ಕೆಂದೇ ತೆರೆದರು. 472 ಸೀಟು ಅಷ್ಟೇ, ಸಾಲುಗಳು ಏರುತ್ತಾ ಹೋಗುತ್ತವೆ. ನಾನಂತೂ ನಡುವಿನ ಸಾಲೇ ತಗೊಳ್ತೀನಿ, ಪಾದವೂ ಕಾಣುತ್ತದೆ, ಮೂವರು ಒಟ್ಟಿಗೆ ಮೂಡಿಸುವ ವಿನ್ಯಾಸವೂ ಕಾಣುತ್ತದೆ. ನ್ಯೂಜೆರ್ಸಿಯಿಂದ ಬರುವ ಪಾತ್ ರೈಲಿನಲ್ಲಿ 14ನೇ ಬೀದಿಗೆ ಇಳಿದು ನಡೆಯಿರಿ.

ಜೆರ್ಸಿ ಗೆಜ್ಜೆ:
ತುಂಬಾ ಥ್ಯಾಂಕ್ಸ್. ನಡುವಿನ ಸಾಲು, ಎರಡು ಟಿಕೆಟ್. ಅಮ್ಮನನ್ನೂ ಕರೆದುಕೊಂಡು ಹೋಗ್ತೀನಿ.