ಮಾತ್ರೆ ಅಂದರೆ ಯಾವ ಮಾತ್ರೆ?

ದೊಡ್ಡಪ್ಪ (ಮನೆಯವರ ಗುಂಪಿಗೆ ಫಾರ್ವರ್ಡ್ ಮಾಡಿದ ಸಂದೇಶ): ಕನ್ನಡಿಗರೇ, ಎಚ್ಚೆತ್ತುಕೊಳ್ಳಿ! ಮಾತ್ರೆ ಎಂದರೆ ಛಂದಸ್ಸಿನ ಅಳತೆ. ಇಂಗ್ಲಿಷ್ ಔಷಧಿ ಬಂದ ಮೇಲೆ ಈ ಪದಕ್ಕೆ ಗುಳಿಗೆಯ ಅರ್ಥ ಅಂಟಿಸಿ ಕೆಡಿಸಿದರು. ಹತ್ತು ಜನಕ್ಕೆ ಕಳಿಸಿ.

ದೊಡ್ಡಪ್ಪ: ನೂರಕ್ಕೆ ನೂರು ನಿಜ. ಇಷ್ಟು ವರ್ಷ ಕನ್ನಡ ಪಾಠ ಮಾಡಿದವನು ಹೇಳುತ್ತಿದ್ದೇನೆ. ಕುಮಾರವ್ಯಾಸನ ಮೊದಲ ಸಾಲು ತಗೊಳ್ಳಿ. ಶ್ರೀವ, ನಿತೆಯರ, ಸನೆವಿ, ಮಲರಾ. ಮೂರು, ನಾಲ್ಕು, ಮೂರು, ನಾಲ್ಕು. ಒಟ್ಟು 14 ಮಾತ್ರೆ, ಭಾಮಿನಿ ಷಟ್ಪದಿ. 'ರಾಜೀವ' ಅನ್ನೋ ಪದವನ್ನೇ ನಡುವೆ ಕತ್ತರಿಸಿ 'ಜೀವ'ವನ್ನು ಮುಂದಿನ ಸಾಲಿಗೆ ತಳ್ಳಿದ್ದಾನೆ. ಪದ ಮುರಿದರೂ ಲೆಕ್ಕ ಮುರಿದಿಲ್ಲ. ಮಾತ್ರೆ ಅಂದರೆ ಇದು. ಅಂಗಡಿಯಲ್ಲಿ ಸಿಗುವುದು ಗುಳಿಗೆ.

ಧಾರವಾಡದ ಅತ್ತೆ: ಗುಳಿಗೆ ಅಂತ ನಾವು ಈಗಲೂ ಅನ್ನುತ್ತೇವೆ ಅಣ್ಣ. 'ಗುಳಿಗಿ ತೊಗೊಂಡ್ಯಾ?' ಅಂತಲೇ ಇಲ್ಲಿ ಕೇಳುವುದು. ಆದರೆ ನಮ್ಮ ಮನೆಯಲ್ಲಿ ಮಾತ್ರೆ ಅಂದರೆ ತಬಲಾ. ತೀನ್‌ತಾಲಕ್ಕೆ 16, ಝಪ್‌ತಾಲಕ್ಕೆ 10, ರೂಪಕಕ್ಕೆ 7. ಅದನ್ನೂ ಕೆಡಿಸಿದ್ದು ಅಂತೀರಾ?

ದೊಡ್ಡಪ್ಪ: ಸಂಗೀತ ಬೇರೆ. ಅದೂ ಕಾಲದ ಅಳತೆಯೇ, ಒಪ್ಪಿದೆ.

ವೀಣೆಯ ತಂಗಿ: ಒಂದೇ ನಿಮಿಷ, ಸಂಗೀತದಲ್ಲೂ ಒಂದೇ ಅಳತೆ ಇಲ್ಲ. ನಮ್ಮ ಕರ್ನಾಟಕ ಸಂಗೀತದ ಆದಿತಾಳಕ್ಕೆ 8 ಅಕ್ಷರ, ಅಂದರೆ 8 ಎಣಿಕೆ. ಚತುರಶ್ರ ನಡೆಯಲ್ಲಿ ಒಂದೊಂದು ಅಕ್ಷರಕ್ಕೆ 4 ಮಾತ್ರೆ, ಒಟ್ಟು 32. ಅತ್ತೆ ಮಾತ್ರೆ ಅನ್ನುವುದು ನಮಗೆ ಅಕ್ಷರ. ನಮ್ಮ ಮಾತ್ರೆ ಅದರ ಒಳಗಿನ ಚೂರು.

ಧಾರವಾಡದ ಅತ್ತೆ: ಅದಕ್ಕೇ ಮದುವೆ ಮನೆಯಲ್ಲಿ ನೀನು ಮೊದಲೇ ಶುರು ಮಾಡಿದ್ದು!

ವೀಣೆಯ ತಂಗಿ: '8 ಮಾತ್ರೆ ಬಿಟ್ಟು ಬಾ' ಅಂದಿರಿ. ನನ್ನ ಲೆಕ್ಕದಲ್ಲಿ ಅದು ಎರಡೇ ಅಕ್ಷರ. ಎರಡು ತಟ್ಟು ಆಗುತ್ತಿದ್ದಂತೆ ಬಂದೆ. ನೀವು ಕಣ್ಣು ಬಿಟ್ಟು ನೋಡಿದಿರಿ. ಇಬ್ಬರ ಲೆಕ್ಕವೂ ಸರಿಯೇ ಇತ್ತು ಅತ್ತೆ.

ದೆಹಲಿಯ ಅಣ್ಣ: ಇಲ್ಲಿ ಶಾಲೆಯಲ್ಲಿ ಮಾತ್ರಾ ಅಂದರೆ ಅಕ್ಷರಕ್ಕೆ ಹಚ್ಚುವ ಸ್ವರಚಿಹ್ನೆ. ನಾವು ಕಾಗುಣಿತ ಅಂತೀವಲ್ಲ, ಅದು. ಮಗಳ ಹಿಂದಿ ನೋಟ್‌ಬುಕ್ಕಿನಲ್ಲಿ ಟೀಚರ್ 'ಮಾತ್ರಾ ತಪ್ಪು' ಅಂತ ಬರೆದರೆ ಅಜ್ಜಿ ಗಾಬರಿಯಾಗುತ್ತಾರೆ.

ನಾನು (ಮೆಡಿಕಲ್ ಶಾಪಿನಿಂದ): ದೊಡ್ಡಪ್ಪ, ಷಟ್ಪದಿಯ ಲೆಕ್ಕ ಪೂರ್ತಿ ಒಪ್ಪಿದೆ. ಇಂಗ್ಲಿಷ್ ಔಷಧಿ ಬಂದು ಕೆಡಿಸಿತು ಅನ್ನೋದನ್ನು ಮಾತ್ರ ಒಪ್ಪಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಐದನೇ ಅಧ್ಯಾಯದ ಹೆಸರೇ ಮಾತ್ರಾಶಿತೀಯ. ಅದರಲ್ಲಿ ಮೊದಲು ಹೇಳುವುದೇ 'ಮಾತ್ರಾಶೀ ಸ್ಯಾತ್', ಅಳತೆಯಲ್ಲಿ ಉಣ್ಣಬೇಕು ಅಂತ. ಎಷ್ಟು ಅಳತೆ? ಉಣ್ಣುವವನ ಜಠರಾಗ್ನಿಯ ಬಲ ನೋಡಿ ಅನ್ನುತ್ತದೆ. ಅಂದರೆ ನಿಮ್ಮ ಮಾತ್ರೆ ಬೇರೆ, ನನ್ನ ಮಾತ್ರೆ ಬೇರೆ. ಇಂಗ್ಲಿಷಿನವರು ಈ ಕಡೆ ತಲೆ ಹಾಕುವ ಎಷ್ಟೋ ಶತಮಾನ ಮೊದಲೇ ವೈದ್ಯದಲ್ಲಿ ಈ ಪದ ಇತ್ತು.

ತಮಿಳಿನಲ್ಲೂ ನೋಡಿ. ಮಾತ್ತಿರೈ ಅಂದರೆ ಪದ್ಯದ ಅಳತೆಯೂ ಹೌದು, ಔಷಧಿಯೂ ಹೌದು. ಕಣ್ಣು ಮಿಟುಕಿಸುವಷ್ಟು ಹೊತ್ತು, ಚಿಟಿಕೆ ಹೊಡೆಯುವಷ್ಟು ಹೊತ್ತು ಅಂತ ಅವರ ಹಳೆಯ ವ್ಯಾಕರಣ ತೊಲ್ಕಾಪ್ಪಿಯಂ ಅದರ ಅಳತೆ ಹೇಳುತ್ತದೆ. ಚೆನ್ನೈನ ಮೆಡಿಕಲ್ ಶಾಪಿನಲ್ಲೂ ಅದೇ ಪದ. ಅಲ್ಲಿ ಯಾರೂ ಕೆಟ್ಟಿತು ಅಂತ ಅಳುತ್ತಿಲ್ಲ.

ದೊಡ್ಡಪ್ಪ: ಹಾಗಾದರೆ ಎಲ್ಲವೂ ಸರಿ ಅಂತೀಯಾ? ಪದಕ್ಕೆ ಒಂದು ಖಚಿತ ಅರ್ಥ ಬೇಡವಾ? ಗುರು ಅಂದರೆ ಎಲ್ಲಿ ಹೋದರೂ ಎರಡು ಮಾತ್ರೆ, ಲಘು ಅಂದರೆ ಒಂದು. ಆ ಶಿಸ್ತು ಎಲ್ಲಿದೆ ನಿಮ್ಮ ಅಂಗಡಿಯಲ್ಲಿ?

ನಾನು: ಇಲ್ಲ ದೊಡ್ಡಪ್ಪ. ಅದೇ ನನ್ನ ಚಿಂತೆ. ಜನ ಕೌಂಟರಿಗೆ ಬಂದು 'ಜ್ವರಕ್ಕೆ ಎರಡೆರಡು ಮಾತ್ರೆ, ದಿನಕ್ಕೆ ಮೂರು ಸಲ' ಅನ್ನುತ್ತಾರೆ. ಯಾವ ಮಾತ್ರೆ ಅಂದರೆ 'ಅದೇ, ಬಿಳೀದು'. ಪ್ಯಾರಸಿಟಮಾಲ್ 500 ಮಿಲಿಗ್ರಾಂ ಇರುವುದೂ ಬಿಳಿ, 650 ಇರುವುದೂ ಬಿಳಿ. 500ರದ್ದು ಹೀಗೆ ನುಂಗಿದರೆ ದಿನಕ್ಕೆ 3,000. 650ರದ್ದಾದರೆ 3,900. ದೊಡ್ಡವರಿಗೆ ದಿನದ ಮಿತಿಯೇ 4,000. ಅದರ ಜೊತೆಗೆ ನೆಗಡಿಗೆ ಅಂತ ಇನ್ನೊಂದು ತಗೊಂಡರೆ, ಅದರಲ್ಲೂ ಪ್ಯಾರಸಿಟಮಾಲ್ ಸೇರಿರುತ್ತದೆ ಎಷ್ಟೋ ಸಲ. ಮಿತಿ ದಾಟಿತು. ಪೆಟ್ಟು ಬೀಳುವುದು ಲಿವರಿಗೆ.

ಪದ್ಯದಲ್ಲಿ ಮಾತ್ರೆ ಅಂದರೇ ಅಳತೆ. ನಮ್ಮಲ್ಲಿ ಈಗ ಅದು ಬರೀ ಆಕಾರ. ಅಳತೆ ಮಾತ್ರೆಯ ಹಾಳೆಯ ಹಿಂದೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಕೂತಿದೆ. ಕೆಟ್ಟಿದ್ದು ಏನಾದರೂ ಇದ್ದರೆ ಇದು. ಮೆಸೇಜಿನಲ್ಲಿ ಇದನ್ನು ಬರೆದಿದ್ದರೆ ನಾನೇ ಹತ್ತು ಜನಕ್ಕೆ ಕಳಿಸುತ್ತಿದ್ದೆ.

ಇನ್ನೊಂದು. ವ್ಯಂಜನಕ್ಕೆ ಅರ್ಧ ಮಾತ್ರೆ ಅಂತ ನೀವೇ ನನಗೆ ಹೇಳಿಕೊಟ್ಟವರು. ನಮ್ಮಲ್ಲಿ ಅರ್ಧ ಮಾತ್ರೆ ಅಂದರೆ ಮುರಿಯುವುದು. ಎಲ್ಲವನ್ನೂ ಮುರಿಯುವ ಹಾಗಿಲ್ಲ. ಹೆಸರಿನ ಪಕ್ಕ ಎಸ್ಆರ್, ಇಆರ್ ಅಂತ ಇದ್ದರೆ ಅದು ನಿಧಾನವಾಗಿ ಔಷಧಿ ಬಿಡುವಂಥದ್ದು. ಡಾಕ್ಟರು ಹೇಳದೆ ಸುಮ್ನೆ ಮುರಿದು ನುಂಗಿದರೆ ಇಡೀ ದಿನದ್ದು ಒಮ್ಮೆಲೇ ಮೈಗೆ ಹತ್ತಬಹುದು.

ಧಾರವಾಡದ ಅತ್ತೆ: ಅಯ್ಯೋ, ನಿಮ್ಮ ಮಾವ ಶುಗರ್‌ದು ಮುರಿದೇ ತಗೊಳ್ಳುವುದು. ನುಂಗಕ್ಕೆ ದಪ್ಪ ಅಂತ.

ನಾನು: ಹೆಸರು ಪೂರ್ತಿ ಓದಿ ಕಳಿಸಿ ಅತ್ತೆ. ಈಗಲೇ.

ದೊಡ್ಡಪ್ಪ: ಚರಕನ ವಿಷಯ ಒಪ್ಪಿದೆ. 'ಕೆಡಿಸಿದರು' ಅನ್ನೋ ಮಾತು ವಾಪಸ್. ಆದರೆ ನಮ್ಮ ಮನೆಯ ಮಕ್ಕಳಿಗೆ ಒಂದು ಷಟ್ಪದಿಗೆ ಗುರು ಲಘು ಗುರುತಿಸಿ ಪ್ರಸ್ತಾರ ಹಾಕಲು ಬರಲ್ಲ ಅನ್ನೋ ನೋವು ವಾಪಸ್ ಇಲ್ಲ.

ದೆಹಲಿಯ ಅಣ್ಣ: ನನ್ನ ಮಗಳಿಗೆ ಹೇಳಿಕೊಡಿ ದೊಡ್ಡಪ್ಪ. ಭಾನುವಾರ ವಿಡಿಯೋ ಕಾಲ್ ಮಾಡ್ತೀನಿ. 'ಕನ್ನಡ' ಅನ್ನೋ ಪದಕ್ಕೆ ಎಷ್ಟು ಮಾತ್ರೆ ಅಂತ ಆಗಲೇ ಕೇಳ್ತಿದ್ದಾಳೆ.

ದೊಡ್ಡಪ್ಪ: ನಾಲ್ಕು. ಒತ್ತಕ್ಷರದ ಹಿಂದಿನ 'ಕ' ಗುರು, ಉಳಿದೆರಡು ಲಘು. ಅವಳಿಗೆ ಹೇಳಬೇಡ, ಅವಳೇ ಎಣಿಸಲಿ.

ಧಾರವಾಡದ ಅತ್ತೆ: ಓದಿದೆ. ಮೆಟ್‌ಫಾರ್ಮಿನ್ 500, ಪಕ್ಕದಲ್ಲಿ ಎಸ್ಆರ್ ಅಂತ ಇದೆ.

ನಾನು: ಇವತ್ತು ರಾತ್ರಿದು ಮುರಿಯಬೇಡಿ. ಡಾಕ್ಟರ್ ಚೀಟಿಯ ಫೋಟೋ ಹಾಕಿ, ಮಾವನಿಗೆ ಫೋನ್ ಕೊಡಿ.